ನೆರಳಿಗೆ ಎರಡು ಹೆಸರು: ರೆವರೆಂಡ್ ಕಿಟ್ಟೆಲ್ ಅವರ ಜೀವನ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಮಕ್ಕಳಿಗೆ ಉಪಯೋಗವಾಗುವಂಥ ಒಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶರಣರ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಗುರುಗಳು ನಮ್ಮಲ್ಲಿದ್ದಾರೆ. ನಾನು ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದವನು. ಕನ್ನಡ ಮಾತಾಡುವ ಮಕ್ಕಳ ಮುಂದೆ ಇಂಗ್ಲಿಷ್ ಶಬ್ದಗಳನ್ನು ಇಡುವಾಗ ನನಗೆ ದಾರಿ ತೋರಿಸಿದವರು ಒಬ್ಬ ಜರ್ಮನಿಯವರು. ಅವರ ಹೆಸರು ಫರ್ಡಿನೆಂಡ್ ಕಿಟ್ಟೆಲ್. ಅವರ ಬಗ್ಗೆಯೇ ಬರೆಯುತ್ತೇನೆ. ಅದಕ್ಕೂ ಮುಂಚೆ ನನ್ನದೊಂದು ತಪ್ಪನ್ನು ಹೇಳಬೇಕು.

ನೌಕರಿಗೆ ಸೇರಿದ ಹೊಸತು. ಬೇರೆ ಊರಿನ ಶಾಲೆ. ನಮ್ಮ ಊರು ಎಂಬ ವಿಷಯದ ಮೇಲೆ ಒಬ್ಬ ಹುಡುಗ ಪ್ರಬಂಧ ಬರೆದಿದ್ದ. ಅಗಸಿಯ ಹತ್ತಿರ ಬೇವಿನ ಮರವಿದೆ, ಹಿರಿಯರು ಅದರ ನೆರಳಿನಲ್ಲಿ ಕೂಡುತ್ತಾರೆ ಎಂಬ ವಾಕ್ಯದಲ್ಲಿ ನೆರಳಿಗೆ 'ಶ್ಯಾಡೋ' ಎಂದು ಹಾಕಿದ್ದ. ನಾನು ಕೆಂಪು ಶಾಯಿಯಲ್ಲಿ ಹೊಡೆದು ಮೇಲೆ 'ಶೇಡ್' ಎಂದು ಬರೆದೆ. ಮರುದಿನ ಅವನು ತನ್ನ ಚಿಕ್ಕ ನಿಘಂಟನ್ನು ಹಿಡಿದುಕೊಂಡು ಬಂದ. ಅದರಲ್ಲಿ ನೆರಳು ಎಂಬುದರ ಮುಂದೆ ಎರಡೂ ಶಬ್ದಗಳಿದ್ದವು, 'ಶ್ಯಾಡೋ' ಮೊದಲು, 'ಶೇಡ್' ಆಮೇಲೆ. ಮೊದಲನೆಯದನ್ನು ಬರೆದರೆ ಹೇಗೆ ತಪ್ಪಾಗುತ್ತದೆ ಎಂದು ಕೇಳಿದ. ಅದು ಹಾಗೇ, ಹೋಗಿ ಕೂಡು ಎಂದು ಕಳಿಸಿಬಿಟ್ಟೆ. ಅವನು ಹೋಗಿ ಕೂತ. ಆಮೇಲೆ ವರ್ಷವಿಡೀ ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಉತ್ತರ ನನಗೆ ಸಿಕ್ಕಿದ್ದು ಬಹಳ ತಡವಾಗಿ, ಕಿಟ್ಟೆಲ್ ಅವರ ದೊಡ್ಡ ಕೋಶವನ್ನು ಓದಲು ಕಲಿತ ಮೇಲೆ.

ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ತುದಿಯ ಸಮುದ್ರ ತೀರದ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಕ್ರೈಸ್ತ ಪಾದ್ರಿಗಳು. ಗ್ರೀಕ್, ಲ್ಯಾಟಿನ್, ಹೀಬ್ರೂ ಭಾಷೆಗಳನ್ನು ಅವರು ಚಿಕ್ಕಂದಿನಲ್ಲೇ ಓದಿಕೊಂಡರು. ಇಂಗ್ಲಿಷನ್ನೂ ಹೀಗೆಯೇ, ನಮ್ಮ ಮಕ್ಕಳು ಕಲಿಯುವ ಹಾಗೆ, ಪುಸ್ತಕ ಹಿಡಿದು ಕಲಿತರು. ಈ ಮಾತನ್ನು ಓದುವ ಮಕ್ಕಳು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕನ್ನಡ ಶಬ್ದಗಳಿಗೆ ಇಂಗ್ಲಿಷ್ ಅರ್ಥ ಬರೆದ ಅತ್ಯಂತ ದೊಡ್ಡ ವಿದ್ವಾಂಸರಿಗೆ ಕನ್ನಡವೂ ಮನೆಮಾತಲ್ಲ, ಇಂಗ್ಲಿಷೂ ಮನೆಮಾತಲ್ಲ.

1850ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ಶಾಲೆಗೆ ಸೇರಿದರು. ಮೂರು ವರ್ಷ ಕಲಿತು 1853ರಲ್ಲಿ ಹಡಗು ಹತ್ತಿ ಭಾರತಕ್ಕೆ ಬಂದರು. ಆಗ ವಯಸ್ಸು ಇಪ್ಪತ್ತೊಂದು. ಬಾಸೆಲ್ ಮಿಷನ್ನಿನವರು ಅಷ್ಟು ಹೊತ್ತಿಗೆ ಮಂಗಳೂರಿನಲ್ಲಿ ನೆಲೆ ನಿಂತು, ಮುದ್ರಣಾಲಯ ಹಾಕಿ, ಹತ್ತು ವರ್ಷದ ಹಿಂದೆ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರವನ್ನೂ ಹೊರಡಿಸಿದ್ದರು. ಕಿಟ್ಟೆಲ್ ಅವರ ಮೊದಲ ವರ್ಷಗಳು ಧಾರವಾಡ, ಹುಬ್ಬಳ್ಳಿಯ ಕಡೆ ಕಳೆದವು. ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ಅವರ ಮನಸ್ಸು ಹೋದದ್ದು ಜನರ ಮಾತಿನ ಕಡೆಗೆ. ಜನರ ನಡುವೆಯೇ ಸರಳವಾಗಿ ಇರಬೇಕು, ಅವರ ಕಾವ್ಯ ಪುರಾಣಗಳನ್ನು ಅವರ ಹಾಗೇ ಓದಬೇಕು ಎಂಬ ಈ ಹಂಬಲ ಮಿಷನ್ನಿನ ಹಿರಿಯರಿಗೆ ಅಷ್ಟಾಗಿ ಹಿಡಿಸಲಿಲ್ಲ. ಸ್ವಲ್ಪ ಮುನಿಸು, ಸ್ವಲ್ಪ ವರ್ಗಾವಣೆ. ಸರಕಾರಿ ನೌಕರರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ!

ಸಂಸಾರದ ಕಥೆ ಚಿಕ್ಕದು, ದುಃಖದ್ದು. 1860ರಲ್ಲಿ ಪೌಲೀನ್ ಐತ್ ಎಂಬವರೊಡನೆ ಮದುವೆಯಾಯಿತು. ನಾಲ್ಕೇ ವರ್ಷದಲ್ಲಿ ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಜೂಲಿಯವರನ್ನು ಮದುವೆಯಾದರು. ಮಂಗಳೂರು, ಕೊಡಗು ಎಂದು ಊರು ಬದಲಾಗುತ್ತಲೇ ಇತ್ತು. ಈ ನಡುವೆ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳುವ ಕಥಾಮಾಲೆ ಎಂಬ ಕಾವ್ಯವನ್ನು ಬರೆದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಇವತ್ತು ಹತ್ತನೆಯ ತರಗತಿಯ ಹುಡುಗ ಕೂಡ ಗುರು ಲಘು ಹಾಕುತ್ತಾನೆ. ಆ ಶಾಸ್ತ್ರದ ಮೂಲಗ್ರಂಥವನ್ನು ಅಚ್ಚಿನ ರೂಪದಲ್ಲಿ ನಮ್ಮ ಕೈಗಿಟ್ಟವರು ಪರದೇಶದವರು.

ಇನ್ನು ಕೋಶದ ವಿಷಯ. ಕಿಟ್ಟೆಲ್ ಅವರಿಗೂ ಮುಂಚೆ ಕನ್ನಡ ಇಂಗ್ಲಿಷ್ ನಿಘಂಟು ಇರಲಿಲ್ಲ ಎಂದಲ್ಲ. ನಮ್ಮ ನೆರೆಯ ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಇಂಗ್ಲಿಷ್ ಪಾದ್ರಿಗಳು 1824ರಲ್ಲಿ ಇಂಗ್ಲಿಷ್‌ನಿಂದ ಕನ್ನಡಕ್ಕೆ, 1832ರಲ್ಲಿ ಕನ್ನಡದಿಂದ ಇಂಗ್ಲಿಷ್‌ಗೆ ಎರಡು ದೊಡ್ಡ ನಿಘಂಟುಗಳನ್ನು ಹೊರತಂದಿದ್ದರು. ಎರಡನೆಯದು ಬಂದ ವರ್ಷವೇ ಕಿಟ್ಟೆಲ್ ಹುಟ್ಟಿದ್ದು, ಇದೊಂದು ಸೊಗಸಾದ ಕಾಕತಾಳೀಯ. ಧಾರವಾಡದ ಜೀಗ್ಲರ್ ಅವರು ಶಾಲೆಯ ಮಕ್ಕಳಿಗಾಗಿಯೇ ಒಂದು ಇಂಗ್ಲಿಷ್ ಕನ್ನಡ ಕೋಶ ಮಾಡಿದ್ದರು. ಆದರೆ ಹಳಗನ್ನಡದಿಂದ ಹಿಡಿದು ಸಂತೆಯ ಮಾತಿನವರೆಗೆ ಎಲ್ಲವನ್ನೂ ಒಳಗೊಂಡು, ಪ್ರತಿ ಶಬ್ದಕ್ಕೂ ಇಂಥ ಕಡೆ ಹೀಗೆ ಬಳಕೆಯಾಗಿದೆ ಎಂದು ಪುರಾವೆ ಕೊಡುವ ಕೋಶ ಇರಲಿಲ್ಲ. ಆ ಕೆಲಸವನ್ನು ಮಿಷನ್ ಕಿಟ್ಟೆಲ್ ಅವರಿಗೆ ವಹಿಸಿತು. ಅವರು ಅದಕ್ಕೆ ಸುಮಾರು ಇಪ್ಪತ್ತು ವರ್ಷ ಕೊಟ್ಟರು.

ಕೋಶ ಮಾಡುವುದೆಂದರೆ ಶಬ್ದ ಗುಡ್ಡೆ ಹಾಕುವುದು ಎಂದು ನಾನೂ ತಿಳಿದಿದ್ದೆ. ಗುಡ್ಡೆ ಹಾಕುವುದು ಬೆವರಿನ ಕೆಲಸ, ನಿಜ. ಆದರೆ ತಲೆಬಿಸಿಯ ಕೆಲಸ ಬೇರೆಯೇ ಇದೆ. ಕನ್ನಡದ ಒಂದು ನಾಮಪದದ ಎದುರಿಗೆ ಇಂಗ್ಲಿಷಿನ ಎರಡು, ಮೂರು, ನಾಲ್ಕು ನಾಮಪದಗಳು ಬಂದು ನಿಲ್ಲುತ್ತವೆ. ಎಲ್ಲವೂ ಹತ್ತಿರದ ಅರ್ಥದವೇ. ಯಾವುದನ್ನು ಕರೆಯಬೇಕು? ಯಾವುದನ್ನು ಮುಂದೆ, ಯಾವುದನ್ನು ಹಿಂದೆ ನಿಲ್ಲಿಸಬೇಕು?

ನೆರಳನ್ನೇ ತೆಗೆದುಕೊಳ್ಳಿ. ಕಿಟ್ಟೆಲ್ ಇದಕ್ಕೆ 'ಶೇಡ್' ಎಂದೂ 'ಶ್ಯಾಡೋ' ಎಂದೂ ಅರ್ಥ ಕೊಟ್ಟು, ನೀರಿನಲ್ಲಿ ಕಾಣುವ ಪ್ರತಿಬಿಂಬ ಎಂಬ ಮೂರನೆಯ ಅರ್ಥವನ್ನೂ ಸೇರಿಸಿದ್ದಾರೆ. ಇಲ್ಲಿ ಒಂದು ಸ್ವಾರಸ್ಯವಿದೆ. ಅವರ ತಾಯ್ನುಡಿಯಾದ ಜರ್ಮನ್‌ನಲ್ಲಿ ಈ ಎರಡಕ್ಕೂ ಒಂದೇ ಶಬ್ದ, 'ಶಾಟೆನ್'. ಮರದ ಕೆಳಗೆ ಕೂಡುವ ನೆರಳೂ ಅದೇ, ಮನುಷ್ಯನ ಹಿಂದೆ ಬರುವ ನೆರಳೂ ಅದೇ. ಎಂದರೆ ಈ ಮಾತಿನಲ್ಲಿ ಕನ್ನಡಿಗನೂ ಜರ್ಮನಿಯವನೂ ಒಂದೇ ಬೆಂಚಿನ ವಿದ್ಯಾರ್ಥಿಗಳು. ಎರಡಾಗಿ ಸೀಳಿದವರು ಇಂಗ್ಲಿಷರು. ನನ್ನ ಕೈಯಲ್ಲಿ ಕೆಂಪು ಗೆರೆ ಹೊಡೆಸಿಕೊಂಡ ಆ ಹುಡುಗನ ಪೇಚು ಕಿಟ್ಟೆಲ್ ಅವರ ದಾರಿಯಲ್ಲೂ ಇದ್ದದ್ದೇ.

ಆ ಹುಡುಗನಿಗೆ ನಾನು ಹೇಳಬೇಕಿದ್ದದ್ದು ಇಷ್ಟು: ಬಿಸಿಲು ತಾಗದ ಜಾಗ 'ಶೇಡ್'. ಅದರಲ್ಲಿ ಕೂಡಬಹುದು, ಮಲಗಬಹುದು, ದನ ಕಟ್ಟಬಹುದು. ಅದಕ್ಕೆ ಇಂಥದೇ ಆಕಾರ ಬೇಕಿಲ್ಲ, ಅದನ್ನು ಒಂದು ಎರಡು ಎಂದು ಎಣಿಸುವುದಿಲ್ಲ. 'ಶ್ಯಾಡೋ' ಎಂಬುದು ನೆಲದ ಮೇಲೆ ಬಿದ್ದ ಆಕಾರ. ಅದಕ್ಕೆ ಒಬ್ಬ ಒಡೆಯನಿರುತ್ತಾನೆ, ಅದು ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಅದನ್ನು ಎಣಿಸಬಹುದು. ನಮ್ಮ ಕಡೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬಯಲಲ್ಲಿ ನಿಂತರೆ 'ಶ್ಯಾಡೋ' ಕಾಲ ಕೆಳಗೇ ಇರುತ್ತದೆ, ಆದರೆ 'ಶೇಡ್' ಎಲ್ಲಿಯೂ ಇರುವುದಿಲ್ಲ. ಈ ಒಂದು ವಾಕ್ಯ ಅಂದು ನನ್ನ ಬಾಯಿಗೆ ಬಂದಿದ್ದರೆ!

ಕಾಲಿನ ವಿಷಯದಲ್ಲಿ ಲೆಕ್ಕ ತಿರುಗುತ್ತದೆ. ಕನ್ನಡದ ಕಾಲು ತೊಡೆಯಿಂದ ಹಿಮ್ಮಡಿಯವರೆಗೆ ಪೂರ್ತಿ ಕಾಲೇ. ಇಂಗ್ಲಿಷಿನವರಿಗೆ ಮೇಲಿನದು 'ಲೆಗ್', ಕೆಳಗಿನದು 'ಫುಟ್'. ಜರ್ಮನರಿಗೂ ಹಾಗೇ ಎರಡು ಶಬ್ದ. (ಕಿಟ್ಟೆಲ್ ಮುಂದೆ ನೆಲೆಸಿದ ಟ್ಯೂಬಿಂಗನ್ ಸೀಮೆಯ ಆಡುಮಾತಿನಲ್ಲಿ ಮಾತ್ರ ಪಾದದ ಶಬ್ದವೇ ಇಡೀ ಕಾಲಿಗೂ ನಡೆಯುತ್ತದೆ. ಆಡುಮಾತುಗಳು ಎಲ್ಲ ದೇಶದಲ್ಲೂ ಪಂಡಿತರ ಮಾತು ಕೇಳುವುದಿಲ್ಲ.) ಅವರ ಕೋಶದಲ್ಲಿ ಕಾಲಿಗೆ ಎರಡೂ ಅರ್ಥ ಉಂಟು. ಆದರೆ ಕಾಲಿಗೆ ಮುಳ್ಳು ಚುಚ್ಚಿತು ಎಂದಾಗ 'ಫುಟ್', ಕಾಲು ಮುರಿಯಿತು ಎಂದಾಗ ಸಾಮಾನ್ಯವಾಗಿ 'ಲೆಗ್', ಹಿರಿಯರ ಕಾಲಿಗೆ ಬಿದ್ದಾಗ ಮತ್ತೆ 'ಫುಟ್', ಮಂಚದ ಕಾಲಿಗೆ 'ಲೆಗ್'. ಆರಿಸುವುದು ಆ ಕಾಲಿಗೆ ಏನಾಯಿತು ಎಂಬುದನ್ನು ನೋಡಿ. ಕಾಲು ಎಂಬ ಶಬ್ದವನ್ನಷ್ಟೇ ನೋಡಿ ಕೂತರೆ ಸಂಜೆಯವರೆಗೂ ಉತ್ತರ ಸಿಗುವುದಿಲ್ಲ.

ಮನೆ ಎಂಬ ಶಬ್ದಕ್ಕೆ ಅವರು ವಾಸಸ್ಥಾನ, ಕಟ್ಟಡ ಎಂಬ ಅರ್ಥದ ಇಂಗ್ಲಿಷ್ ಶಬ್ದಗಳನ್ನು ಒಂದು ಗುಂಪಿಗೆ ಹಾಕಿದರು, ಕೋಣೆ ಎಂಬ ಅರ್ಥದವನ್ನು ಇನ್ನೊಂದು ಗುಂಪಿಗೆ. ಅಷ್ಟಕ್ಕೇ ಬಿಡದೆ ಚದುರಂಗದ ಹಾಸಿನ ಚೌಕಕ್ಕೂ ಮನೆ ಎನ್ನುತ್ತಾರೆ ಎಂದು ಸೇರಿಸಿದರು. ಕಟ್ಟೆಯ ಮೇಲೆ ಆಡುವವರ ಪಕ್ಕದಲ್ಲಿ ನಿಂತು ಕಿವಿಗೊಡದವರಿಗೆ ಇದು ಹೊಳೆಯುವುದಿಲ್ಲ. ನಮ್ಮ ಹುಡುಗರು ಚೌಕಾಬಾರಾ ಆಡುವಾಗ ಕಾಯಿ ಎಷ್ಟು ಮನೆ ನಡೆಯಿತು ಎಂದು ಎಣಿಸುತ್ತಾರಲ್ಲ, ಆ ಮನೆಗೆ 'ಹೌಸ್' ಎಂದರೆ ಇಂಗ್ಲಿಷಿನವನು ಕಕ್ಕಾಬಿಕ್ಕಿಯಾಗುತ್ತಾನೆ. 'ಸ್ಕ್ವೇರ್' ಎನ್ನಬೇಕು. ಊರಲ್ಲಿ ಮನೆ ಕಟ್ಟಿಸಿದರೆ ಅದು 'ಹೌಸ್', ಹಾಸ್ಟೆಲಿನಲ್ಲಿ ಕೂತ ಹುಡುಗಿಗೆ ಮನೆ ನೆನಪಾದರೆ ಅದು 'ಹೋಮ್'.

ಇಲ್ಲಿ ಮಕ್ಕಳಿಗೆ ಒಂದು ಕೆಲಸದ ಮಾತು. ಕಿಟ್ಟೆಲ್ ಕೋಶದಲ್ಲಿ ಇಂಗ್ಲಿಷ್ ಅರ್ಥಗಳ ನಡುವೆ ಎರಡು ಬಗೆಯ ಚಿಹ್ನೆಗಳಿವೆ. ಅಲ್ಪವಿರಾಮ ಇದ್ದರೆ ಅಕ್ಕಪಕ್ಕದ ಶಬ್ದಗಳು ಒಂದೇ ಕೇರಿಯವು. ಅರ್ಧವಿರಾಮ ಬಂತೆಂದರೆ ಕೇರಿ ಬದಲಾಯಿತು. ಬಹಳ ನಿಘಂಟುಗಳ ಕ್ರಮ ಇದೇ, ಆದರೆ ಯಾರೂ ನಮಗೆ ಹೇಳಿಕೊಡುವುದಿಲ್ಲ. ಮೊದಲು ಸರಿಯಾದ ಕೇರಿಗೆ ಹೋಗಬೇಕು, ಆಮೇಲೆ ಮನೆ ಹುಡುಕಬೇಕು. ಮನೆ ಹುಡುಕಲು ಕಿಟ್ಟೆಲ್ ಕೊಟ್ಟ ಸಹಾಯವೆಂದರೆ ಅರ್ಥಗಳ ಜೊತೆಗೆ ಬರುವ ಪ್ರಯೋಗಗಳು: ಶಬ್ದಮಣಿದರ್ಪಣದಿಂದ, ಬಸವಪುರಾಣದಿಂದ, ಜೈಮಿನಿ ಭಾರತದಿಂದ, ದಾಸರ ಪದಗಳಿಂದ ಆಯ್ದವು, ಮತ್ತೆ ಗಾದೆಗಳು. ಇಂಗ್ಲಿಷ್ ಅರ್ಥಗಳ ಸಾಲು ನಿಮಗೆ ಅನುಮಾನ ತಂದರೆ ಗಾದೆ ಅದನ್ನು ಬಿಡಿಸುತ್ತದೆ. ಯಾವ ನೆರಳು, ಯಾವ ಕಾಲು, ಯಾವ ಮನೆ ಎಂಬುದು ವಾಕ್ಯದಲ್ಲಿ ಕಾಣುತ್ತದೆ. ನನ್ನ ವಿದ್ಯಾರ್ಥಿಯ ಚಿಕ್ಕ ನಿಘಂಟಿನಲ್ಲಿ ಇಲ್ಲದೇ ಹೋದದ್ದು ಅದೇ. ಅಲ್ಲಿ ಶಬ್ದಗಳಿದ್ದವು, ವಾಕ್ಯಗಳಿರಲಿಲ್ಲ.

ಈ ಪ್ರಯೋಗಗಳನ್ನು ಕೂಡಿಸಲು ಅವರು ಪಟ್ಟ ಪಾಡು ಸಣ್ಣದಲ್ಲ. 1877ರ ಹೊತ್ತಿಗೆ ಆರೋಗ್ಯ ಕೆಟ್ಟು ಜರ್ಮನಿಗೆ ಹೋದರು. ಹೋದವರು ಕಾಗದದ ಕಟ್ಟುಗಳನ್ನು ಮೂಲೆಗೆ ಇಡಲಿಲ್ಲ, ಅಲ್ಲಿ ಕೂತೇ ಬರೆದರು. ಆದರೆ ದೂರದಲ್ಲಿ ಕೂತು ಬರೆಯುವವರಿಗೆ ಅನುಮಾನ ಬಂದರೆ ಕೇಳುವುದು ಯಾರನ್ನು? 1883ರಲ್ಲಿ, ಐವತ್ತು ದಾಟಿದ ಮೇಲೆ, ಸಂಸಾರವನ್ನು ಅಲ್ಲೇ ಬಿಟ್ಟು ಕೋಶ ಮುಗಿಸಲೆಂದೇ ಮತ್ತೆ ಭಾರತಕ್ಕೆ ಬಂದರು. ಕನ್ನಡ ಬಲ್ಲ ಪಂಡಿತರನ್ನು ಕಂಡರು, ಅವರನ್ನು ಕೂಡಿಸಿಕೊಂಡು ಒಂದೊಂದೇ ಶಬ್ದ ತಿದ್ದಿದರು. 1892ರವರೆಗೆ ಇಲ್ಲೇ ಇದ್ದರು. ಒಂದು ನಾಮಪದಕ್ಕೆ ಸರಿಯಾದ ಇನ್ನೊಂದು ನಾಮಪದವನ್ನು ಹುಡುಕಲು ಸಮುದ್ರ ದಾಟಿ ಬಂದವರನ್ನು ನಾನು ಬೇರೆ ಕೇಳಿಲ್ಲ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕೋಶ ಹೊರಬಂತು. 1,752 ಪುಟ, ಸುಮಾರು 70,000 ಶಬ್ದ. ಅನೇಕ ಕನ್ನಡ ಶಬ್ದಗಳ ಜೊತೆ ತಮಿಳು, ತೆಲುಗು, ಮಲಯಾಳ, ತುಳುವಿನ ಬಂಧುಗಳು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1899ರಲ್ಲಿ ಬೂಕರ್ ಎಂಬವರು ಇದೇ ಕೋಶವನ್ನು ಆಧಾರವಾಗಿ ಇಟ್ಟುಕೊಂಡು ಶಾಲಾ ಮಕ್ಕಳ ಚಿಕ್ಕ ನಿಘಂಟು ಮಾಡಿದರು. ಕಿಟ್ಟೆಲ್ ಮಾತ್ರ ಸುಮ್ಮನೆ ಕೂಡಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್ ತಿಂಗಳಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ಮುಂದೆ ಮದ್ರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಕೋಶವನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಧಾರವಾಡದ ಒಂದು ಕಾಲೇಜಿಗೆ ಕಿಟ್ಟೆಲ್ ಅವರ ಹೆಸರಿದೆ.

ನಮ್ಮ ಭಾಗದವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಇದರಲ್ಲಿ ಕಲಬುರಗಿ ಎಲ್ಲಿದೆ? ಕಿಟ್ಟೆಲ್ ಇದ್ದದ್ದು ಮುಂಬಯಿ ಪ್ರಾಂತದ ಧಾರವಾಡ ಸೀಮೆಯಲ್ಲಿ, ಕರಾವಳಿಯಲ್ಲಿ, ಕೊಡಗಿನಲ್ಲಿ. ನಮ್ಮದು ಆಗ ನಿಜಾಮರ ರಾಜ್ಯ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮೇಲೆ, ರಾಷ್ಟ್ರಕೂಟರ ಕಾಲದಲ್ಲಿ ಹುಟ್ಟಿದ ಕವಿರಾಜಮಾರ್ಗ ಎಂಥ ಶಬ್ದದ ಜೊತೆ ಎಂಥ ಶಬ್ದ ಹೊಂದುತ್ತದೆ ಎಂಬುದನ್ನೇ ವಿಸ್ತಾರವಾಗಿ ಚರ್ಚಿಸುವ ಗ್ರಂಥ. ಅದನ್ನು ಕೆ. ಬಿ. ಪಾಠಕರು ಅಚ್ಚು ಹಾಕಿಸಿದ್ದು 1898ರಲ್ಲಿ, ಕಿಟ್ಟೆಲ್ ಕೋಶ ಬಂದು ನಾಲ್ಕು ವರ್ಷವಾದ ಮೇಲೆ.

ಆದರೂ ಕಿಟ್ಟೆಲ್ ನಮಗೆ ಒಂದು ಉಪಕಾರ ಮಾಡಿದ್ದಾರೆ. ಕನ್ನಡಿಗರ ಬಾಯಲ್ಲಿ ಬೆರೆತ ಹಿಂದೂಸ್ತಾನಿ, ಮರಾಠಿ ಶಬ್ದಗಳನ್ನು ಅವರು ಹೊರಗೆ ನಿಲ್ಲಿಸಲಿಲ್ಲ. ಎಲ್ಲಿಂದ ಬಂದದ್ದು ಎಂದು ಗುರುತು ಹಾಕಿ ಒಳಗೆ ಕರೆದುಕೊಂಡರು. ನಮ್ಮ ಭಾಷೆಯಲ್ಲಿ ಉರ್ದು ಹೆಚ್ಚು ಎಂದು ಬೇರೆ ಕಡೆಯವರು ನಗುವುದನ್ನು ಕೇಳಿ ನಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡು ಕೂಡುವುದನ್ನು ಕಂಡಿದ್ದೇನೆ. ಇಂಗ್ಲಿಷ್ ತರಗತಿಯಲ್ಲಿ ನನಗೆ ಅನುಭವಕ್ಕೆ ಬಂದದ್ದು ಬೇರೆ. ಬೆಲೆ ಎಂಬ ಒಂದೇ ಶಬ್ದ ಇಟ್ಟುಕೊಂಡ ಹುಡುಗನಿಗೆ 'ಪ್ರೈಸ್', 'ಕಾಸ್ಟ್', 'ವ್ಯಾಲ್ಯೂ' ಮೂರೂ ಒಂದೇ ಥರ ಕಾಣುತ್ತವೆ. ಕೋಟನೂರಿನ ರೈತರ ಮನೆಯ ಹುಡುಗನಿಗೆ ಕಾಣುವುದಿಲ್ಲ. ಗಂಜಿನಲ್ಲಿ ತೊಗರಿಗೆ ಕೂಗುವುದು ರೇಟು, ಅದು 'ಪ್ರೈಸ್'. ಬೀಜ, ಗೊಬ್ಬರ, ಆಳು ಎಂದು ಹೊಲಕ್ಕೆ ಸುರಿದದ್ದು ಖರ್ಚು, ಅದು 'ಕಾಸ್ಟ್'. ಮನುಷ್ಯನಿಗೆ, ಮಾತಿಗೆ, ಹಳೆಯ ಬಂಗಾರಕ್ಕೆ ಇರುವುದು ಕಿಮ್ಮತ್ತು, ಅದು 'ವ್ಯಾಲ್ಯೂ'. ರೇಟು ಬಂದರೂ ಖರ್ಚು ಹುಟ್ಟದ ವರ್ಷ ಹೇಗಿರುತ್ತದೆ ಎಂಬುದು ಆ ಹುಡುಗನಿಗೆ ಗೊತ್ತು. ಕೆಲಸ ಮತ್ತು ನೌಕರಿಯೂ ಹಾಗೆಯೇ. ಕೆಲಸ 'ವರ್ಕ್', ನೌಕರಿ 'ಜಾಬ್'. ಕೆಲಸ ದಿನವೂ ಬೇಕಾದಷ್ಟಿದೆ, ನೌಕರಿ ಸಿಕ್ಕಿಲ್ಲ ಎಂದು ನಮ್ಮಲ್ಲಿ ಯಾವ ಅಜ್ಜಿ ಬೇಕಾದರೂ ಹೇಳುತ್ತಾಳೆ. ಈ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸುವಾಗ ನನ್ನ ಮಕ್ಕಳು ಒಬ್ಬರೂ ತಪ್ಪಲಿಲ್ಲ.

ಕೆಲವು ಕಡೆ ಇಂಗ್ಲಿಷೇ ಸೋಲುತ್ತದೆ. ಕೌದಿಗೆ ಏನೆನ್ನಬೇಕು? 'ಬ್ಲ್ಯಾಂಕೆಟ್' ಎಂದರೆ ಕಂಬಳಿಯಾಗುತ್ತದೆ. 'ಶೀಟ್' ಎಂದರೆ ಚಾದರವಾಗುತ್ತದೆ. 'ಕ್ವಿಲ್ಟ್' ಎಂಬುದು ಹತ್ತಿರ ಬರುತ್ತದೆ, ಏಕೆಂದರೆ ಅದರಲ್ಲೂ ಪದರಗಳಿವೆ, ಹೊಲಿಗೆಯಿದೆ. ಆದರೆ ಅವ್ವನ ಹಳೆಯ ಸೀರೆ, ಅಪ್ಪನ ಹಳೆಯ ಧೋತರ ಅದರಲ್ಲಿ ಇರಲೇಬೇಕೆಂದಿಲ್ಲ. ಇಂಥಲ್ಲಿ ಕಿಟ್ಟೆಲ್ ಅವರ ರೀತಿಯೇ ಸರಿ: ಹತ್ತಿರದ ಶಬ್ದವನ್ನು ಮೊದಲು ಬರೆದು, ಅದು ಹೇಳದೆ ಬಿಟ್ಟದ್ದನ್ನು ಒಂದು ಸಣ್ಣ ವಾಕ್ಯದಲ್ಲಿ ಸೇರಿಸುವುದು.

ನಿವೃತ್ತಿಗೆ ಮುಂಚಿನ ಎರಡು ವರ್ಷ ಒಂಬತ್ತನೆಯ ತರಗತಿಯವರ ಕೈಯಲ್ಲಿ ಒಂದು ನೂರು ಪುಟದ ನೋಟುಪುಸ್ತಕ ಕೊಟ್ಟಿದ್ದೆ. ಮನೆಯಲ್ಲಿ ಕೇಳಿದ ಒಂದು ನಾಮಪದ, ಅದು ಬಂದ ವಾಕ್ಯ, ಅದಕ್ಕೆ ಹೊಂದುವ ಇಂಗ್ಲಿಷ್ ನಾಮಪದ, ಹೊಂದದೆ ಬಿಟ್ಟುಹೋದ ಇನ್ನೊಂದು. ಕೈ ಬದಲಾಯಿಸುತ್ತ ಬರೆದರು. ಅಕ್ಷರ ಒಬ್ಬೊಬ್ಬರದು ಒಂದೊಂದು ಥರ, ಎಣ್ಣೆಯ ಕಲೆ ಬೇರೆ. ನೆರಳು ಎಂಬ ಶಬ್ದ ಹನ್ನೆರಡನೆಯ ಪುಟದಲ್ಲಿದೆ. ಒಬ್ಬ ಹುಡುಗಿ ಅದರ ಮುಂದೆ, ಎಮ್ಮೆ ತನ್ನ 'ಶ್ಯಾಡೋ'ವನ್ನು ಎಳೆದುಕೊಂಡು 'ಶೇಡ್' ಹುಡುಕುತ್ತ ಹೋಯಿತು ಎಂದು ಬರೆದಿದ್ದಾಳೆ. ಪುಸ್ತಕದ ಕೊನೆಯ ಮೂವತ್ತು ಪುಟ ಇನ್ನೂ ಖಾಲಿ ಇವೆ.